ಗೋಕಾಕದ ಘೇಂಡಾಮೃಗ, ದಖ್ಖನ್ನಿನ ಹೆಸರು

ಗೋಕಾಕ ಎಂದರೆ ಕರದಂಟು, ಫಾಲ್ಸ್, ಮಿಲ್ಲು. ಘೇಂಡಾಮೃಗ ನೆನಪಾಗುವುದು ಭೂವಿಜ್ಞಾನದವರಿಗೆ ಮಾತ್ರ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಬಳಿಯ ಹಳ್ಳವೊಂದರಲ್ಲಿ ಸಿಕ್ಕ ಪಳೆಯುಳಿಕೆಯನ್ನು ಪರೀಕ್ಷಿಸಿ, 1874ರಲ್ಲಿ ಅದಕ್ಕೆ ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು.

ಇಂಥ ಪ್ರಾಣಿಯ ಗುರುತು ಹಚ್ಚಲು ಕೊಂಬು ಬೇಕಿಲ್ಲ. ಕೊಂಬು ಎಲುಬಲ್ಲ, ಕೊಳೆತು ಹೋಗುತ್ತದೆ. ಉಳಿಯುವುದು ಹಲ್ಲು. ಘೇಂಡಾಮೃಗದ ಮೇಲಿನ ದವಡೆಹಲ್ಲನ್ನು ತಿರುವಿ ನೋಡಿದರೆ ಎನಾಮಲ್ಲಿನ ಏಣುಗಳು ಗಣಿತದ ‘ಪೈ’ ಚಿಹ್ನೆಯಂತೆ ಕಾಣುತ್ತವೆ. ದನದ ಹಲ್ಲಿನಲ್ಲಿ ಅದಿರುವುದಿಲ್ಲ.

ಇನ್ನು ಹೆಸರಿನ ಬಾಲ. ಲ್ಯಾಟಿನ್ನಿನಲ್ಲಿ ಊರಿನ ಹೆಸರಿಗೆ ‘ಎನ್ಸಿಸ್’ ಹಚ್ಚಿದರೆ ‘ಆ ಊರಿನ’ ಎಂಬ ವಿಶೇಷಣವಾಗುತ್ತದೆ. ರೋಮನ್ನರ ಆಡುಮಾತಿನಲ್ಲಿ ‘ಸ’ದ ಹಿಂದಿನ ‘ನ’ ಉದುರಿಹೋಗಿತ್ತು. ಹಾಗೆ ಸವೆದ ರೂಪ ಇಟಾಲಿಯನ್, ಫ್ರೆಂಚ್‌ಗಳ ಮೂಲಕ ಇಂಗ್ಲಿಷಿಗೆ ಬಂದು ಜಪಾನೀಸ್, ಚೈನೀಸ್‌ಗಳ ‘ಈಸ್’ ಆಯಿತು. ಅಂದರೆ ಡೆಕ್ಕನೆನ್ಸಿಸ್‌ನ ಬಾಲಕ್ಕೂ ಚೈನೀಸ್‌ನ ಬಾಲಕ್ಕೂ ಮೂಲ ಒಂದೇ. ಕನ್ನಡದಲ್ಲಿ ಈ ರಗಳೆಯೇ ಇಲ್ಲ, ಗೋಕಾಕ ಕರದಂಟು ಎಂದರೆ ಮುಗಿಯಿತು.

ಲ್ಯಾಟಿನ್ ವಿಶೇಷಣ ನಾಮಪದದ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಹತ್ತಿಯ ಕುಲನಾಮ ಗಾಸಿಪಿಯಂ ನಪುಂಸಕಲಿಂಗ, ಆದ್ದರಿಂದ ಅಲ್ಲಿ ‘ಎನ್ಸಿಸ್’ ಹೋಗಿ ‘ಎನ್ಸೆ’ ಬರುತ್ತದೆ: ಗಾಸಿಪಿಯಂ ಬಾರ್ಬಡೆನ್ಸೆ. ನಮ್ಮ ರೈತರಿಗೆ ಗೊತ್ತಿರುವ ಡಿಸಿಎಚ್-32, ಅಂದರೆ ಜಯಲಕ್ಷ್ಮಿ ಹತ್ತಿ, ಧಾರವಾಡದಲ್ಲಿ ತಯಾರಾದ ಹೈಬ್ರಿಡ್. ಅದರ ಜನಕ ತಳಿಗಳಲ್ಲೊಂದು ಈ ಬಾರ್ಬಡೆನ್ಸೆಯದು. ತಮಾಷೆಯೆಂದರೆ ಈ ಹತ್ತಿಯ ತವರು ಬಾರ್ಬಡೋಸ್ ಅಲ್ಲ, ದಕ್ಷಿಣ ಅಮೆರಿಕ. 1753ರಲ್ಲಿ ಲಿನೇಯಸ್ ಬರೆದ ವಿಳಾಸ ತಪ್ಪಾದರೂ ಹೆಸರು ಹಾಗೆಯೇ ಉಳಿದಿದೆ. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬುದು ನಾಮಕರಣದ ಕಟ್ಟಳೆ. ವಿಳಾಸ ತಪ್ಪೆಂಬ ಕಾರಣಕ್ಕೆ ಅದನ್ನು ಅಳಿಸುವಂತಿಲ್ಲ.

ಫೂಟ್ ಬರೆದ ವಿಳಾಸ ತಪ್ಪಲ್ಲ, ತೀರ ದೊಡ್ಡದು. ದಖ್ಖನ್ ಎಲ್ಲಿ, ಒಂದು ಹಳ್ಳದ ದಂಡೆ ಎಲ್ಲಿ! ‘ಗೋಕಾಕೆನ್ಸಿಸ್’ ಎಂದಿದ್ದರೆ ಶಾಲೆಯ ಮಕ್ಕಳಿಗೂ ತಮ್ಮೂರಿನ ಮಣ್ಣಿನಲ್ಲಿ ಏನಿದೆಯೆಂದು ತಿಳಿಯುತ್ತಿತ್ತು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಲ್ಲಿ ಒಂದು ಮಾತು. ಬಾವಿ ತೋಡುವಾಗ, ಹಳ್ಳದ ದಂಡೆ ಕುಸಿದಾಗ ಕಲ್ಲಿನಷ್ಟು ಭಾರದ ಎಲುಬು, ಹಲ್ಲು ಕಂಡರೆ ಒಡೆಯಬೇಡಿ, ತೊಳೆಯಲೂ ಬೇಡಿ. ಸಿಕ್ಕ ಜಾಗದಲ್ಲೇ ಫೋಟೊ ತೆಗೆದು, ಎಷ್ಟು ಆಳದಲ್ಲಿತ್ತು ಎಂದು ಬರೆದಿಟ್ಟು, ಯಾವುದಾದರೂ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿ.