ಬೋರ್‌ವೆಲ್ ಊರಿನಲ್ಲೊಂದು ಕಡಲ ಹೂವು

ಹಾಲ್‌ನ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರೊಳಗೆ ಗಾಳಿಯೇ ಇಲ್ಲದೆ ತೂಗಾಡುವ ಹೂವಿನಂಥ ಜೀವಿ, ಅದರ ಎಸಳುಗಳ ನಡುವೆ ಕಿತ್ತಳೆ ಬಣ್ಣದ ಪುಟ್ಟ ಮೀನು. ಇಂಥದ್ದೊಂದು ನಮ್ಮ ಮನೆಯಲ್ಲೂ ಇದ್ದರೆ ಅಂತ ನಿಮಗೂ ಅನ್ನಿಸಿರಬಹುದು. ‘ಫೈಂಡಿಂಗ್ ನೆಮೋ’ ಸಿನಿಮಾ ನೋಡಿದ ಮಕ್ಕಳಿರುವ ಮನೆಯಾದರಂತೂ ಕೇಳುವುದೇ ಬೇಡ. ನನ್ನ ಮಗ ಒಂದು ತಿಂಗಳು ಬೆನ್ನು ಬಿಡಲಿಲ್ಲ.

ನಮ್ಮೂರು ಕೋಲಾರದ ಸುಗಟೂರು. ಹಿಂದೆ ಪಾಳೇಗಾರರಿಂದ ಹೆಸರಾದ ಊರು, ಈಗ ಹಾಲು, ರೇಷ್ಮೆ, ಟೊಮೆಟೊ. ನಮಗೆ ಹತ್ತಿರದ ಕಡಲು ಅಂದರೆ ಚೆನ್ನೈಯದ್ದು. ಅದೂ ರಸ್ತೆಯಲ್ಲಿ ಇನ್ನೂರೈವತ್ತು ಕಿಲೋಮೀಟರಿಗೂ ಆಚೆ. ಇಂಥ ಕಡೆ ಸೀ ಅನಿಮೋನ್ ಸಾಕಲು ಹೊರಟಾಗ ನಮ್ಮತ್ತೆ, ‘ನಮಗೇ ಕುಡಿಯೋಕೆ ಒಳ್ಳೆ ನೀರಿಲ್ಲ, ಇನ್ನು ಸಮುದ್ರದ ಪ್ರಾಣಿಗೆ ಎಲ್ಲಿಂದ ತರ್ತೀಯಮ್ಮಾ?’ ಅಂದರು. ಆಗ ನಕ್ಕುಬಿಟ್ಟೆ. ಅವರು ಕೇಳಿದ್ದೇ ಸರಿಯಾದ ಪ್ರಶ್ನೆ ಅಂತ ತಿಳಿದದ್ದು ಆರನೇ ದಿನ.

ಬೆಂಗಳೂರಿನ ಅಂಗಡಿಯೊಂದರಲ್ಲಿ ತೊಟ್ಟಿ, ಉಪ್ಪು, ಮೀನು, ಅನಿಮೋನ್ ಎಲ್ಲವನ್ನೂ ಒಂದೇ ದಿನ ಕೊಂಡೆವು. ‘ನಲ್ಲಿ ನೀರೇ ಸಾಕು ಮೇಡಂ’ ಅಂದಿದ್ದರು. ಬೋರ್‌ವೆಲ್ ನೀರಿಗೆ ಉಪ್ಪು ಕದಡಿ ಬಿಟ್ಟೆವು. ಮೊದಲೆರಡು ದಿನ ಅರಳಿತು, ಆಮೇಲೆ ಮುದುಡಿತು. ಆರನೇ ದಿನ ಬೆಳಗ್ಗೆ ಅಡುಗೆಮನೆಯವರೆಗೂ ಕೊಳೆತ ವಾಸನೆ. ಅನಿಮೋನ್ ಕರಗಿ ಲೋಳೆಯಾಗಿತ್ತು, ಅದರ ವಿಷದಿಂದ ಎರಡೂ ಮೀನು ತೇಲುತ್ತಿದ್ದವು. ಮಗ ಸ್ಕೂಲಿಗೆ ಹೋಗಲಿಲ್ಲ. ಹೋದ ದುಡ್ಡಿನ ಮಾತು ನಮ್ಮವರು ಎತ್ತಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಸೀ ಅನಿಮೋನ್ ಗಿಡವಲ್ಲ, ಪ್ರಾಣಿ. ಹವಳದ ಹತ್ತಿರದ ನಂಟು. ಅದಕ್ಕೆ ವಯಸ್ಸಾಗುವುದೇ ಅಪರೂಪ ಅನ್ನಬಹುದು. ಸ್ಕಾಟ್ಲೆಂಡಿನ ಜಾನ್ ಗ್ರಹಾಂ ಡೇಲ್ಯೆಲ್ ಎಂಬವರು 1828ರಲ್ಲಿ ಕಡಲ ದಂಡೆಯಿಂದ ತಂದ ಅನಿಮೋನ್ ಒಂದು ಗಾಜಿನ ಜಾಡಿಯಲ್ಲೇ ಬದುಕಿ, ನೂರಾರು ಮರಿ ಹಾಕಿ, ತಂದವರೇ ತೀರಿಕೊಂಡ ಮೇಲೂ ಉಳಿದು 1887ರಲ್ಲಿ ಸತ್ತಿತು. ಅದಕ್ಕೆ ಜನ ಇಟ್ಟ ಹೆಸರು ‘ಗ್ರ್ಯಾನಿ’, ಅಂದರೆ ಅಜ್ಜಿ. ಅಂಥ ಜೀವ ನಮ್ಮ ಮನೆಯಲ್ಲಿ ಆರು ದಿನಕ್ಕೆ ಹೋಯಿತು ಅಂದರೆ ತಪ್ಪು ಅದರದ್ದಲ್ಲ, ನಮ್ಮ ನೀರಿನದ್ದು.

ಮೊದಲು ನೀರು

ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿಗೂ ಆಳದಿಂದ ನೀರೆತ್ತುವುದು ಮಾಮೂಲು. ಫ್ಲೋರೈಡ್ ಅಂತ ನಾವು ಹೆದರುತ್ತೇವೆ. ಆದರೆ ಅನಿಮೋನ್‌ಗೆ ಅದಕ್ಕಿಂತ ದೊಡ್ಡ ಶತ್ರು ನೀರಿನಲ್ಲಿರುವ ನೈಟ್ರೇಟ್ ಮತ್ತು ಲೋಹದ ಅಂಶ. ನಗರದ ನಲ್ಲಿ ನೀರಾದರೆ ಇದರ ಜೊತೆಗೆ ಕ್ಲೋರಿನ್. ಆದ್ದರಿಂದ ಆರ್‌ಓ ನೀರೇ ಬೇಕು. ‘ನಮ್ಮನೇಲಿ ಆರ್‌ಓ ಇದೆಯಲ್ಲ’ ಅಂತ ನಿಶ್ಚಿಂತೆಯಿಂದ ಇರಬೇಡಿ. ಕುಡಿಯುವ ನೀರಿಗೆ ರುಚಿ ಬರಲೆಂದು ಬಹಳಷ್ಟು ಯಂತ್ರಗಳು ಸ್ವಲ್ಪ ಹಸಿ ನೀರನ್ನೋ ಖನಿಜಗಳನ್ನೋ ಬೆರೆಸುತ್ತವೆ. ಪೆನ್ನಿನಷ್ಟು ಉದ್ದದ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದ್ದಿ ನೋಡಿ. ನಮ್ಮ ಬೋರ್ ನೀರು ಸಾವಿರ ದಾಟಿತ್ತು, ಅಡುಗೆಮನೆಯ ಆರ್‌ಓ ನೀರು ತೊಂಬತ್ತು. ಅನಿಮೋನ್‌ಗೆ ಬೇಕಾದದ್ದು ಸೊನ್ನೆಯ ಹತ್ತಿರ. ಮೆಕ್ಯಾನಿಕ್ ಬಂದು ಬೆರಕೆಯ ದಾರಿ ಮುಚ್ಚಿ, ತೊಟ್ಟಿಗೆಂದು ಬೇರೆ ಪೈಪ್ ಹಾಕಿಕೊಟ್ಟರು.

ಉಪ್ಪು ಅಂದರೆ ಅಡುಗೆ ಉಪ್ಪಲ್ಲ, ಕಲ್ಲುಪ್ಪೂ ಅಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಸೇರಿದ, ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪು. ಲೀಟರಿಗೆ ಸುಮಾರು 35 ಗ್ರಾಂ, ಅಂದರೆ ನೂರು ಲೀಟರಿಗೆ ಮೂರೂವರೆ ಕಿಲೋ. ಹಿಂದಿನ ದಿನವೇ ಬಕೆಟ್ಟಿನಲ್ಲಿ ಕದಡಿ, ಸಣ್ಣ ಪಂಪು ಬಿಟ್ಟು ತಿರುಗಿಸಿ. ಸಾಂದ್ರತೆ 1.024ರಿಂದ 1.026ರ ಒಳಗಿರಲಿ.

ಇಲ್ಲಿ ನನಗೆ ಸಾರಿನ ಪಾತ್ರೆ ನೆನಪಾಗುತ್ತದೆ. ಸಾರು ಕುದ್ದು ಬತ್ತಿದರೆ ಉಪ್ಪಾಗುತ್ತದೆ, ನಾವು ನೀರು ಹಾಕುತ್ತೇವೆಯೇ ಹೊರತು ಇನ್ನಷ್ಟು ಉಪ್ಪು ಹಾಕುವುದಿಲ್ಲ. ತೊಟ್ಟಿಯೂ ಹಾಗೇ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಆದ್ದರಿಂದ ದಿನವೂ ಕಡಿಮೆಯಾದಷ್ಟನ್ನು ಸಿಹಿ ಆರ್‌ಓ ನೀರಿನಿಂದಲೇ ತುಂಬಿ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ತೆಗೆದು ಹೊಸದು ಹಾಕುವಾಗ ಮಾತ್ರ ಉಪ್ಪುನೀರು.

ನೀರು ಹೊಯ್ಯಲು ಪ್ಲಾಸ್ಟಿಕ್ ಮಗ್ಗೇ ಇರಲಿ. ತಾಮ್ರದ ಬಿಂದಿಗೆ, ಹಿತ್ತಾಳೆ ಚೊಂಬು ಹತ್ತಿರವೂ ಬರಬಾರದು. ನಮಗೆ ಆರೋಗ್ಯ ಎನ್ನುವ ತಾಮ್ರ ಅನಿಮೋನ್‌ಗೆ ವಿಷ. ಮೀನಿನ ಕಾಯಿಲೆಗೆಂದು ಅಂಗಡಿಯಲ್ಲಿ ಕೊಡುವ ಕೆಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ, ಕೇಳಿಯೇ ಕೊಳ್ಳಿ. ತೊಟ್ಟಿಯ ಗಾಳಿಪಂಪು ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ, ಜಿರಲೆ ಸ್ಪ್ರೇ, ಸಾಂಬ್ರಾಣಿ ಹೊಗೆ ಬೇಡ.

ಹೆಪ್ಪು ಹಾಕಿ ಕಾಯಬೇಕು

ಹೊಸ ತೊಟ್ಟಿ ಅಂದರೆ ಹೆಪ್ಪು ಹಾಕದ ಹಾಲು. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಕಲ್ಲು ಮರಳುಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟಾಗಿ ಹಾನಿಯಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾ ಕೂಡಿಕೊಳ್ಳಲು ನಾಲ್ಕಾರು ವಾರ ಬೇಕು. ಆಮೇಲೆ ಮೀನು ಬಿಡಬಹುದು. ಅನಿಮೋನ್? ಇನ್ನೂ ಕಾಯಬೇಕು. ಕನಿಷ್ಠ ಆರು ತಿಂಗಳು, ವರ್ಷವಾದರೆ ಒಳ್ಳೆಯದು. ಏರುಪೇರಿಲ್ಲದ ನೀರು ಬಿಟ್ಟರೆ ಬೇರೆ ಯಾವುದನ್ನೂ ಅದು ಸಹಿಸುವುದಿಲ್ಲ. ನೂರೈವತ್ತು ಲೀಟರಿಗಿಂತ ಚಿಕ್ಕ ತೊಟ್ಟಿಯಲ್ಲಿ ಈ ಏರುಪೇರು ತಡೆಯುವುದು ಬಲು ಕಷ್ಟ. ಒಂದು ವರ್ಷ ಬರೀ ಕಲ್ಲು, ಮೀನು ನೋಡಿಕೊಂಡು ಇರಲಾರೆ ಅನ್ನುವವರು ದಯವಿಟ್ಟು ಅನಿಮೋನ್ ಕೊಳ್ಳಬೇಡಿ.

ಕಲ್ಲು ಕೊಳ್ಳುವಾಗಲೂ ಎಚ್ಚರ. ಹವಳದ ತುಂಡು ಅಂತ ಆಸೆ ತೋರಿಸುವವರಿದ್ದಾರೆ. ಬಂಡೆ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹುಲಿಯ ಉಗುರು ಇಟ್ಟುಕೊಂಡಷ್ಟೇ ತಪ್ಪು. ಕೃತಕ ಸೆರಾಮಿಕ್ ಕಲ್ಲುಗಳು ಧಾರಾಳವಾಗಿ ಸಾಕು.

ಹೆಣ್ಣುಮಕ್ಕಳಿಗೆ ಈ ಕಾಯುವ ಕೆಲಸ ಹೊಸದೇನಲ್ಲ ಬಿಡಿ. 1846ರಲ್ಲಿ ಅನ್ನಾ ಥಿನ್ ಎಂಬ ಗೃಹಿಣಿ ಟಾರ್ಕಿಯ ದಡದಿಂದ ಹವಳದ ಜೀವಿಗಳನ್ನು ಲಂಡನ್ನಿನ ಮನೆಗೆ ತಂದರು. ಪಂಪು, ಕರೆಂಟು ಯಾವುದೂ ಇಲ್ಲದ ಕಾಲ. ನೀರಿಗೆ ಗಾಳಿ ಸೇರಲೆಂದು ಮನೆಗೆಲಸದಾಕೆ ದಿನವೂ ತೆರೆದ ಕಿಟಕಿಯ ಮುಂದೆ ನಿಂತು ಅರ್ಧ ಮುಕ್ಕಾಲು ಗಂಟೆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು, ನಾವು ಕಾಫಿ ಆರಿಸುವ ಹಾಗೆ! ಇತಿಹಾಸದಲ್ಲಿ ಯಜಮಾನತಿಯ ಹೆಸರು ಉಳಿದಿದೆ. ನನಗೆ ಮಾತ್ರ ಆ ಕೆಲಸದಾಕೆಯ ಸೋತ ರಟ್ಟೆಗಳೇ ಕಣ್ಣಿಗೆ ಬರುತ್ತವೆ.

ಕರೆಂಟಿನ ಮಾತು ಬಂತಲ್ಲ, ಬ್ಯಾಟರಿಯಲ್ಲಿ ನಡೆಯುವ ಗಾಳಿಪಂಪು ಒಂದಿರಲಿ. ಬೇಸಗೆಯಲ್ಲಿ ನೀರು 27 ಡಿಗ್ರಿ ಮೀರಿದರೆ ನೀರಿನ ಮೇಲೆ ಬೀಸುವಂತೆ ಪುಟ್ಟ ಫ್ಯಾನ್ ಇಡಿ, ಒಂದೆರಡು ಡಿಗ್ರಿ ಇಳಿಯುತ್ತದೆ. ಆದರೆ ಆವಿಯೂ ಹೆಚ್ಚುತ್ತದೆ, ಸಾರಿನ ಮಾತು ಮರೆಯಬೇಡಿ.

ಆರಿಸುವುದು, ಉಣಿಸುವುದು

ಹೊಸಬರಿಗೆ ಒಗ್ಗುವುದು ತುದಿಯಲ್ಲಿ ಗುಳ್ಳೆಯಂತೆ ಉಬ್ಬಿರುವ ‘ಬಬಲ್ ಟಿಪ್’ ಜಾತಿ. ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಅಡಿಯ ಪಾದ ಹರಿದಿರಬಾರದು. ಬೆಳ್ಳಗೆ ಮಲ್ಲಿಗೆಯಂತಿದೆ ಅಂತ ಮರುಳಾಗಬೇಡಿ. ಅದರ ಮೈಯೊಳಗೆ ಕಂದುಬಣ್ಣದ ಸೂಕ್ಷ್ಮ ಪಾಚಿ ವಾಸವಾಗಿದ್ದು, ಬೆಳಕಿನಿಂದ ಆಹಾರ ಮಾಡಿ ಬಾಡಿಗೆ ಕೊಟ್ಟಂತೆ ಕೊಡುತ್ತದೆ. ಬೆಳ್ಳಗಾಗಿದೆ ಅಂದರೆ ಆ ಪಾಚಿ ಹೋಗಿದೆ, ಪ್ರಾಣಿ ಹಸಿದಿದೆ. ಕಡುಹಳದಿ, ನೇರಳೆ ಬಣ್ಣ ಹಾಕಿ ಮಾರುವುದೂ ಉಂಟು. ಈ ಪಾಚಿಗಾಗಿಯೇ ಪ್ರಖರವಾದ ಎಲ್‌ಇಡಿ ದೀಪ ದಿನಕ್ಕೆ ಎಂಟರಿಂದ ಹತ್ತು ಗಂಟೆ ಉರಿಯಬೇಕು. ಮನೆಯ ಟ್ಯೂಬ್‌ಲೈಟ್ ಏನೂ ಸಾಲದು.

ವಾರಕ್ಕೆ ಒಂದೆರಡು ಸಲ ಹೆಸರುಕಾಳಿನಷ್ಟು ಚಿಕ್ಕ ಸಿಗಡಿ ಚೂರು ಕೊಟ್ಟರೆ ಸಾಕು. ಮಾಂಸ ಮುಟ್ಟದವರು ಉದ್ದನೆಯ ಚಿಮಟ ಇಟ್ಟುಕೊಳ್ಳಿ, ನಾನೂ ಅದನ್ನೇ ಮಾಡಿದ್ದು. ಅದು ಒಂದು ಕಡೆ ಕೂರುವುದಿಲ್ಲ, ಪಾದ ಜಾರಿಸಿಕೊಂಡು ಊರೆಲ್ಲ ತಿರುಗುತ್ತದೆ. ಪಂಪಿನ ಬಾಯಿಗೆ ಸ್ಪಂಜು ಕಟ್ಟದಿದ್ದರೆ ಸಿಕ್ಕಿ ಚೂರಾಗುತ್ತದೆ. ಕಲ್ಲಿಗೆ ಅಂಟಿದ್ದನ್ನು ಎಳೆದು ಕೀಳಲೇಬೇಡಿ. ಆಗಾಗ ಮುದುಡಿ ಕಸ ಹೊರಹಾಕುವುದು ಸಹಜ. ಬಾಯಿ ತೆರೆದುಕೊಂಡೇ ಇದ್ದು, ದಿನವಾದರೂ ಅರಳದೆ ವಾಸನೆ ಬಂದರೆ ಮಾತ್ರ ತಡಮಾಡದೆ ತೆಗೆದು ನೀರು ಬದಲಿಸಿ, ಉಳಿದ ಮೀನುಗಳಾದರೂ ಬದುಕುತ್ತವೆ.

ಅಂದಹಾಗೆ, ನೆಮೋ ಮೀನಿಲ್ಲದೆಯೂ ಅನಿಮೋನ್ ಚೆನ್ನಾಗಿರುತ್ತದೆ. ಬೇಕೆಂದರೆ ತೊಟ್ಟಿಯಲ್ಲೇ ಹುಟ್ಟಿದ ಮರಿ ಕೇಳಿ ತನ್ನಿ. ಅವೆಲ್ಲ ಹುಟ್ಟುವಾಗ ಗಂಡು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಆಕೆ ಸತ್ತರೆ ಗಂಡನೇ ಹೆಣ್ಣಾಗಿ ಯಜಮಾನಿಕೆ ವಹಿಸುತ್ತಾನೆ. ಇದನ್ನು ಓದಿ ಹೇಳಿದಾಗ ನಮ್ಮವರು ಪೇಪರ್ ಇಳಿಸಿ ಒಮ್ಮೆ ತೊಟ್ಟಿಯತ್ತ ನೋಡಿದರು.

ಹನ್ನೊಂದು ತಿಂಗಳು ಕಾದು ನಾವು ತಂದ ಎರಡನೇ ಅನಿಮೋನ್ ಈಗ ಮೂರನೇ ವರ್ಷಕ್ಕೆ ಕಾಲಿಟ್ಟಿದೆ. ದಾಸವಾಳದ ಕಡ್ಡಿ ಕೊಡುವ ಹಾಗೆ ಇದನ್ನೂ ಹಂಚಿಕೊಳ್ಳಬಹುದು, ಏಕೆಂದರೆ ಬಬಲ್ ಟಿಪ್ ತಾನಾಗಿಯೇ ಎರಡಾಗಿ ಸೀಳಿಕೊಳ್ಳುತ್ತದೆ. ಕಡಲಿನಿಂದ ಕಿತ್ತದ್ದಕ್ಕಿಂತ ಹೀಗೆ ಮನೆಯಲ್ಲೇ ಆದದ್ದು ಬೇಗ ಒಗ್ಗುತ್ತದೆ. ನಮ್ಮದು ಕಳೆದ ದೀಪಾವಳಿಯ ಹೊತ್ತಿಗೆ ಎರಡಾಯಿತು. ಒಂದನ್ನು ಮಾಲೂರಿನ ಗೆಳತಿಗೆ ಎತ್ತಿಟ್ಟಿದ್ದೇನೆ. ಆಕೆಯ ತೊಟ್ಟಿಗೆ ಇನ್ನೂ ಏಳೇ ತಿಂಗಳು, ವಾರಕ್ಕೊಮ್ಮೆ ಫೋನ್ ಮಾಡಿ ನೀರಿನ ಲೆಕ್ಕ ಒಪ್ಪಿಸುತ್ತಾಳೆ. ಕೊಂಡೊಯ್ಯುವ ಹಿಂದಿನ ದಿನ ಊಟ ಹಾಕದೆ, ನಮ್ಮ ತೊಟ್ಟಿಯ ನೀರಿನಲ್ಲೇ ಜೋಡಿ ಕವರಿನಲ್ಲಿ ಕಟ್ಟಿ, ಥರ್ಮೊಕೋಲ್ ಡಬ್ಬಿಯಲ್ಲಿಟ್ಟು ಕಳಿಸಬೇಕು. ಡಬ್ಬಿಯನ್ನು ನಮ್ಮತ್ತೆ ಈಗಲೇ ತೊಳೆದು ಅಟ್ಟದ ಮೇಲೆ ಇಟ್ಟಿದ್ದಾರೆ.