ಈ ಕಲ್ಲಿನ ಸುತ್ತು ಮನೆಯೋ, ಗೋರಿಯೋ?

ನಿಮ್ಮೂರ ಗುಡ್ಡದಲ್ಲಿ ದುಂಡಗೆ ಜೋಡಿಸಿದ ದೊಡ್ಡ ಕಲ್ಲುಗಳಿವೆಯಾ? ಅಜ್ಜಿಯನ್ನು ಕೇಳಿ ನೋಡಿ, 'ಅದು ಪಾಂಡವರ ಮನೆ' ಅನ್ನಬಹುದು. ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಕಲ್ಲುಚಪ್ಪಡಿಯ ಗೂಡುಗಳಿಗೆ 'ಮೋರ್ಯರ ಮನೆ' ಅಂತಾರೆ. ನಿಜಕ್ಕೂ ಅಲ್ಲಿ ಜನ ವಾಸವಿದ್ದರಾ?

ಉತ್ತರ ನೆಲದಲ್ಲಿದೆ. ಮನೆಯಾಗಿದ್ದರೆ ಗಟ್ಟಿಮಾಡಿದ ನೆಲ, ಕಂಬದ ಕುಳಿ, ಒಲೆಯ ಬೂದಿ, ಅರೆಯುವ ಕಲ್ಲು ಸಿಗಬೇಕು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1963-65ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದಾಗ ನವಶಿಲಾಯುಗದ ದುಂಡು ಗುಡಿಸಲುಗಳ ಕುರುಹು ಸಿಕ್ಕವು. ಗೋರಿಯಾದರೆ ಸುತ್ತಿನ ನಡುವೆ ಹಲವೆಡೆ ಚಪ್ಪಡಿಗಳ ಪೆಟ್ಟಿಗೆ ಇರುತ್ತದೆ. ಒಳಗೆ ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು ಇರಬಹುದು. ಹಿರೇಬೆಣಕಲ್ಲಿನವು ಮನೆಗಳಲ್ಲ, ಸತ್ತವರ ಸ್ಮಾರಕಗಳು.

ಇಂಥವೇ ಕಲ್ಮನೆಗಳು ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಪಳನಿ ಬೆಟ್ಟಗಳಲ್ಲೂ ಇವೆ. ಅವುಗಳನ್ನು ಹುಡುಕಿ, ಅಳೆದು, ನಕ್ಷೆ ಬರೆದವರು ಆಂಗ್ಲಾಡ್ ಮತ್ತು ನ್ಯೂಟನ್ ಎಂಬ ಇಬ್ಬರು ಪಾದ್ರಿಗಳು. ಅವರ ಪುಸ್ತಕವನ್ನು ಭಾರತೀಯ ಪುರಾತತ್ತ್ವ ಇಲಾಖೆಯೇ 1928ರಲ್ಲಿ ಪ್ರಕಟಿಸಿತು. ಅಂದರೆ, ಅಳೆದು ಬರೆದಿಡಲು ಇಲಾಖೆಯ ನೌಕರರೇ ಆಗಬೇಕಿಲ್ಲ!

ಪಕ್ಕದ ತೇಣಿ ಜಿಲ್ಲೆಗೆ ಬನ್ನಿ. ಇಲ್ಲಿನ ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡವಾಡುವ ಕುಟುಂಬಗಳು ಇಂದಿಗೂ ಇವೆ. ಇದೇ ಜಿಲ್ಲೆಯಲ್ಲಿ, ವೈಗೈ ನದಿಯ ದಡದ ಪುಲಿಮಾನ್‌ಕೊಂಬೈನಲ್ಲಿ, 2006ರಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದ ತಂಡಕ್ಕೆ ತಮಿಳು-ಬ್ರಾಹ್ಮಿ ಬರಹದ ಮೂರು ಕಲ್ಲುಗಳು ಸಿಕ್ಕವು. ಒಂದು ಕಲ್ಲು ಕೂಡಲೂರಿನ ದನಗಳ ಹೋರಾಟದಲ್ಲಿ ಮಡಿದವನದು. ನಮ್ಮ ಶಾಸನಗಳ 'ತುರುಗೋಳ್' ಅಂದರೆ ಇದೇ. ಆದರೆ ಕಲ್ಲುಗಳು ತಮ್ಮ ಮೂಲ ಜಾಗದಲ್ಲಿರಲಿಲ್ಲ. ಬರಹ ಇದ್ದದ್ದರಿಂದ ಸತ್ತವನ ಕಥೆ ಉಳಿಯಿತು. ಬರಹವಿಲ್ಲದ ಕಲ್ಲನ್ನು ಸರಿಸಿದರೆ? ಅದು ಬರೀ ಕಲ್ಲು. ಅದರ ಕಥೆಯೆಲ್ಲ ಇರುವುದು ಅದು ನಿಂತ ಜಾಗದಲ್ಲಿ.

ನೀವೇ ಮಾಡಿ

ನಿಮ್ಮೂರಲ್ಲಿ ಇಂಥ ಸುತ್ತು ಇದ್ದರೆ ಶಿಕ್ಷಕರೊಡನೆ, ಊರ ಹಿರಿಯರನ್ನೂ ಕರೆದುಕೊಂಡು ಹೋಗಿ. ದನ ಮೇಯಿಸುವವರಿಗೆ ಗುಡ್ಡದ ಮೂಲೆಮೂಲೆಯೂ ಗೊತ್ತಿರುತ್ತದೆ. ಕಲ್ಲುಗಳನ್ನು ಎಣಿಸಿ. ಟೇಪಿನಿಂದ ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ಎರಡೂ ಅಳತೆ ತೆಗೆಯಿರಿ. ಎರಡರಲ್ಲೂ ಬಹಳ ವ್ಯತ್ಯಾಸ ಬಂತೇ? ಒಂದೋ ಸುತ್ತು ಮೊದಲಿಂದಲೂ ದುಂಡಾಗಿರಲಿಲ್ಲ, ಇಲ್ಲವೇ ಯಾರೋ ಕಲ್ಲು ಸರಿಸಿದ್ದಾರೆ. ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಊರವರು ಕರೆಯುವ ಹೆಸರನ್ನೂ ಬರೆದುಕೊಳ್ಳಿ.

ಒಂದೇ ಒಂದು ಕಟ್ಟಪ್ಪಣೆ: ಅಗೆಯಬೇಡಿ, ಏನನ್ನೂ ಎತ್ತಿ ತರಬೇಡಿ. ನಾಳೆ ಅಲ್ಲಿ ಕ್ವಾರಿಯೋ ರಸ್ತೆಯೋ ಬಂದರೆ, 'ಇಲ್ಲೊಂದು ಸುತ್ತು ಇತ್ತು' ಎನ್ನಲು ನಿಮ್ಮ ನೋಟ್‌ಬುಕ್ಕೇ ಸಾಕ್ಷಿ.