ನನ್ನ ಮನೆಯ ಹನ್ನೊಂದು ಕೊಡಲಿಗಳು

ಅಂಚೆಚೀಟಿ ಕೂಡಿಡುವವರನ್ನು ನೀವು ನೋಡಿರುತ್ತೀರಿ. ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ಗಡಿಯಾರ, ಫೌಂಟನ್ ಪೆನ್ನು ಕೂಡಿಡುವವರೂ ಇದ್ದಾರೆ. ನಾನು ಕೂಡಿಡುವುದು ಕೊಡಲಿಗಳನ್ನು. ಜೀವನವಿಡೀ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಇನ್ನೊಬ್ಬರ ಹಣ ಎಣಿಸಿದವನಿಗೆ ಈ ಹವ್ಯಾಸ ಎಲ್ಲಿಂದ ಅಂಟಿತು ಎಂದು ನೆಂಟರಿಷ್ಟರು ನಗುತ್ತಾರೆ. ನಗಲಿ. ಬ್ಯಾಂಕಿನ ಅಭ್ಯಾಸವನ್ನು ಮಾತ್ರ ನಾನು ಬಿಟ್ಟಿಲ್ಲ. ಹನ್ನೊಂದು ಕೊಡಲಿಗಳಿಗೂ ಲೆಡ್ಜರಿನಲ್ಲಿ ಒಂದೊಂದು ಪುಟ ಇದೆ. ಎಲ್ಲಿ ಸಿಕ್ಕಿತು, ತೂಕ ಎಷ್ಟು, ಯಾರು ಮಾಡಿದ್ದು, ಕಾವು ಯಾವ ಮರದ್ದು, ಯಾರ ಕೈಯಲ್ಲಿ ಎಷ್ಟು ವರ್ಷ ದುಡಿಯಿತು ಎಂದು ಐದು ಕಾಲಂ. ಕೊನೆಯ ಕಾಲಂ ಹತ್ತು ಪುಟಗಳಲ್ಲಿ ಖಾಲಿ ಇದೆ. ಈ ಲೇಖನ ಬರೆಯಲು ಕುಳಿತದ್ದೇ ಆ ಖಾಲಿ ಕಾಲಂ ಸಲುವಾಗಿ.

ಬಂಗಾರದ ಕೊಡಲಿ ಏಕೆ ಬೇಡ?

ನದಿಯಲ್ಲಿ ಕೊಡಲಿ ಬೀಳಿಸಿಕೊಂಡ ಬಡ ಸೌದೆಯವನ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ದೇವತೆ ಬಂಗಾರದ ಕೊಡಲಿ ತೋರಿಸಿದರೂ, ಬೆಳ್ಳಿಯದನ್ನು ತೋರಿಸಿದರೂ ಅವನು ತನ್ನದಲ್ಲ ಎಂದ. ಅವನ ಪ್ರಾಮಾಣಿಕತೆಯನ್ನು ಮೇಷ್ಟ್ರುಗಳೆಲ್ಲ ಹೊಗಳುತ್ತಾರೆ. ಅವನ ಕಸುಬಿನ ಬುದ್ಧಿಯನ್ನೂ ಸ್ವಲ್ಪ ಹೊಗಳಬೇಕು. ಬಂಗಾರ ಮೆದು ಲೋಹ. ಒಣಗಿದ ಜಾಲಿ ಕೊರಡಿಗೆ ನಾಲ್ಕು ಏಟು ಹಾಕಿದರೆ ಬಂಗಾರದ ಬಾಯಿ ಮಡಚಿಕೊಳ್ಳುತ್ತದೆ. ತೂಕವೂ ಅದೇ ಗಾತ್ರದ ಕಬ್ಬಿಣದ ಕೊಡಲಿಯ ಸುಮಾರು ಎರಡೂವರೆ ಪಟ್ಟು. ಎತ್ತಿ ಬೀಸುವಷ್ಟರಲ್ಲಿ ಸೌದೆಯವನ ರಟ್ಟೆಯೇ ಸೋಲುತ್ತಿತ್ತು.

ಹಾಗಾದರೆ ಬಹಳ ಗಟ್ಟಿ ಇದ್ದರೆ ಒಳ್ಳೆಯದೇ? ಅದೂ ಅಲ್ಲ. ಬಹಳ ಗಟ್ಟಿಯಾದ ಉಕ್ಕು ಗಾಜಿನಂತೆ ಚಕ್ಕೆ ಏಳುತ್ತದೆ. ಬಾಯಿ ಗಟ್ಟಿ ಇರಬೇಕು, ಮೈ ಏಟು ತಡೆದುಕೊಳ್ಳುವಂತಿರಬೇಕು. ಹಳೆಯ ಕಮ್ಮಾರರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಮೆದು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಸಿ, ನಡುವೆ ಮಡಚಿ, ಮಡಿಕೆಯ ಜಾಗದಲ್ಲಿ ಕಾವಿಗೆ ತೂತು ಬಿಡುತ್ತಿದ್ದರು. ಎರಡು ತುದಿಗಳ ನಡುವೆ ಒಂದು ತುಂಡು ಉಕ್ಕನ್ನಿಟ್ಟು ಬಡಿದು ಬೆಸೆಯುತ್ತಿದ್ದರು. ವೀಳ್ಯದೆಲೆ ಮಡಚಿ ನಡುವೆ ಅಡಿಕೆ ಇಟ್ಟ ಹಾಗೆ. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಇದರಿಂದ ಉಳಿತಾಯವೂ ಆಗುತ್ತಿತ್ತು.

ನಿಮ್ಮ ಮನೆಯ ಕೊಡಲಿ ಈ ಜಾತಿಯದೇ ಎಂದು ತಿಳಿಯಲು ಬಾಯಿಯ ಪಕ್ಕದ ತುಕ್ಕು ತಿಕ್ಕಿ ತೆಗೆದು ಸ್ವಲ್ಪ ವಿನೆಗರ್ ಸವರಿ. ಉಕ್ಕಿನ ಭಾಗ ಕಪ್ಪಾಗಿ, ಕಬ್ಬಿಣದ ಭಾಗ ಬೂದು ಬಣ್ಣದಲ್ಲಿ ಉಳಿದು, ನಡುವೆ ಒಂದು ಗೆರೆ ಎದ್ದು ಕಾಣುತ್ತದೆ. ಆಮೇಲೆ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿಡಬೇಕು. ಮೊದಲ ಬಾರಿ ಆ ಗೆರೆ ಕಂಡಾಗ, ಎಂದೋ ತೀರಿಹೋದ ಕಮ್ಮಾರನ ಸಹಿ ಓದಿದಂತಾಯಿತು ನನಗೆ. ಈಗಿನ ಹಳ್ಳಿ ಕಮ್ಮಾರರಲ್ಲಿ ಅನೇಕರು ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟಿನಿಂದಲೇ ಇಡೀ ಕೊಡಲಿ ಬಡಿಯುತ್ತಾರೆ. ಅದೂ ಒಳ್ಳೆಯ ಉಕ್ಕೇ.

ಬಡಿದ ಮೇಲೆ ಹದ ಕೊಡುವುದು ಇನ್ನೊಂದು ವಿದ್ಯೆ. ಬಾಯಿಯನ್ನು ಕೆಂಪಗೆ ಕಾಸಿ ತಟ್ಟನೆ ತಣಿಸಿದರೆ ಉಕ್ಕು ಗಟ್ಟಿಯಾಗುತ್ತದೆ. ಎಷ್ಟು ಕಾಯಬೇಕು? ಉಕ್ಕು ಸಾಕಷ್ಟು ಕಾದಾಗ ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಕಮ್ಮಾರನಿಗೆ ಅಯಸ್ಕಾಂತ ಬೇಕಿಲ್ಲ, ಬಣ್ಣ ನೋಡಿಯೇ ಹೇಳುತ್ತಾನೆ. ಅದಕ್ಕೇ ಕುಲುಮೆ ಯಾವಾಗಲೂ ಸ್ವಲ್ಪ ಕತ್ತಲಾಗಿರುತ್ತದೆ. ತಣಿಸಿದ ಬಾಯಿಯನ್ನು ಮತ್ತೆ ಮೆಲ್ಲಗೆ ಕಾಸಿದರೆ ಒಣಹುಲ್ಲಿನ ಬಣ್ಣ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಕಾದು ನೀಲಿಯಾದರೆ ಬಾಯಿ ಮೆದುವಾಗುತ್ತದೆ. ಹಳೆಯ ಕೊಡಲಿಯನ್ನು ಜೋರಾಗಿ ತಿರುಗುವ ಗ್ರೈಂಡರಿಗೆ ಕೊಡಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಕಿಡಿ ಹಾರುತ್ತ ಬಾಯಿ ನೀಲಿಗಟ್ಟಿತೆಂದರೆ ಕಮ್ಮಾರ ಕೊಟ್ಟ ಹದ ಹೋಯಿತು. ಅರ ಮತ್ತು ಮಸೆಯುವ ಕಲ್ಲು ಸಾಕು. ಕೆಲಸ ನಿಧಾನ, ಆದರೆ ನಷ್ಟವಿಲ್ಲ.

ಬಳ್ಳಾರಿಯ ಕಪ್ಪು ಕಲ್ಲು

ಕಬ್ಬಿಣ ಬರುವ ಮೊದಲೂ ಕೊಡಲಿ ಇತ್ತು. ಬಳ್ಳಾರಿಯ ಪಕ್ಕದಲ್ಲಿ ಸಂಗನಕಲ್ಲು ಎಂಬ ಊರಿದೆ. ಅಲ್ಲಿನ ಗುಡ್ಡಗಳಲ್ಲಿ ಸುಮಾರು 5000 ವರ್ಷಗಳ ಹಿಂದೆ ನೆಲೆಸಿದ್ದ ಹೊಸ ಶಿಲಾಯುಗದ ಜನ ದನ ಸಾಕುತ್ತಿದ್ದರು. ಕಾಲಕ್ರಮದಲ್ಲಿ ಆ ಜಾಗ ಕಲ್ಲುಗೊಡಲಿಯ ದೊಡ್ಡ ಕಾರ್ಖಾನೆಯೇ ಆಯಿತು. ಗ್ರಾನೈಟ್ ಗುಡ್ಡದ ನಡುವೆ ಪಟ್ಟಿಯಂತೆ ಹಾದುಹೋಗುವ ಡಾಲರೈಟ್ ಎಂಬ ಕಪ್ಪು ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಆಮೇಲೆ ಬಂಡೆಗೆ ಉಜ್ಜಿ ಉಜ್ಜಿ ನುಣುಪು ಮಾಡುತ್ತಿದ್ದರು. ಒಂದು ಕೊಡಲಿಗೆ ಎಷ್ಟು ಉಜ್ಜಬೇಕಿತ್ತು ಎಂಬುದನ್ನು ಊಹಿಸಿಕೊಳ್ಳಿ, ಮಕ್ಕಳೇ.

ಅದಕ್ಕೂ ಬಹಳ ಬಹಳ ಹಿಂದೆ, ಕಾವೇ ಇಲ್ಲದ, ಅಂಗೈಯಲ್ಲಿ ಹಿಡಿಯುವ ಕಲ್ಲಿನ ಆಯುಧಗಳಿದ್ದವು. ಅವುಗಳಿಗೆ ಕೈಗೊಡಲಿ ಎಂದೇ ಹೆಸರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಒಂದು ಆಯುಧವನ್ನು ಗುರುತಿಸಿದರು. ಭಾರತದ ಪ್ರಾಗಿತಿಹಾಸದ ಅಧ್ಯಯನ ಶುರುವಾದದ್ದು ಅಲ್ಲಿಂದ. ಅವರ ಹೆಸರಿನ ವಸ್ತುಸಂಗ್ರಹಾಲಯ ಈಗ ಬಳ್ಳಾರಿಯಲ್ಲಿದೆ. ರಜೆಯಲ್ಲಿ ಹಂಪಿಗೆ ಹೋಗುವವರು ಅದನ್ನೂ ನೋಡಬಹುದು. ಒಂದು ಮಾತು ಮಾತ್ರ ನೆನಪಿರಲಿ. ಗುಡ್ಡದಲ್ಲಿ ಇಂಥ ಕಲ್ಲು ಕಂಡರೆ ಎತ್ತಿಕೊಂಡು ಬರಬಾರದು. ಅದು ಇದ್ದ ಜಾಗದಲ್ಲೇ ಇದ್ದರೆ ಮಾತ್ರ ತಿಳಿದವರಿಗೆ ಕಥೆ ಹೇಳುತ್ತದೆ. ನನ್ನ ಹನ್ನೊಂದರಲ್ಲಿ ಕಲ್ಲಿನದು ಒಂದೂ ಇಲ್ಲ.

ದೇಶಕ್ಕೊಂದು ಆಕಾರ

ಸೌದೆ ಸೀಳುವ ಕೊಡಲಿ ದಪ್ಪಗೆ ಬೆಣೆಯಂತಿರುತ್ತದೆ. ಅಡ್ಡ ಕಡಿಯುವ ಕೊಡಲಿಯ ಕೆನ್ನೆ ತೆಳು. ಕೆಲಸ ನೋಡಿ ಆಕಾರ.

ಅಮೆರಿಕದ ಮರ ಕಡಿಯುವವರು ಎರಡೂ ಕಡೆ ಬಾಯಿ ಇರುವ ಕೊಡಲಿ ಬಳಸುತ್ತಿದ್ದರು. ಒಂದು ಬಾಯಿ ಬಹಳ ಹರಿತ, ಅದು ಶುದ್ಧ ಮರಕ್ಕೆ. ಇನ್ನೊಂದು ಸ್ವಲ್ಪ ಮೊಂಡು, ಅದು ಗಂಟು, ಬೇರು ಇರುವ ಕಡೆಗೆ. ನಮ್ಮ ಪರಶುರಾಮನ ಗಂಡುಗೊಡಲಿಯನ್ನೂ ಕೆಲವು ಕ್ಯಾಲೆಂಡರ್ ಚಿತ್ರಗಳಲ್ಲಿ ಹೀಗೆಯೇ ಬರೆದಿರುತ್ತಾರೆ. ಅಲ್ಲಿ ನೆಸ್ಮಕ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬ ಕಾಡು ಅಲೆಮಾರಿ ಇದ್ದರು. ಕಾಡಿನಲ್ಲಿ ಹಗುರವಾಗಿ ಓಡಾಡುವುದು ಹೇಗೆಂದು 1884ರಲ್ಲಿ ಅವರೊಂದು ಪುಸ್ತಕ ಪ್ರಕಟಿಸಿದರು. ಬಿಡಾರ ಹೂಡಲು, ಒಲೆಗೆ ಪುಳ್ಳೆ ಮಾಡಲು ದೊಡ್ಡ ಕೊಡಲಿ ಹೊತ್ತು ತಿರುಗುವುದು ಅವರಿಗೆ ಸರಿಬರಲಿಲ್ಲ. ಎರಡು ಬಾಯಿಯ ಪುಟ್ಟ ಕೊಡಲಿಯೊಂದನ್ನು ಮಾಡಿಸಿ ಇಟ್ಟುಕೊಂಡಿದ್ದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ನಮ್ಮ ಗಾದೆ ಕೇಳಿದ್ದರೆ ಅವರು ಮೆಚ್ಚುತ್ತಿದ್ದರು.

ಸ್ವೀಡನ್ನಿನಲ್ಲಿ ಹುಲ್ಟ್ಸ್ ಬ್ರೂಕ್ ಎಂಬ ಕಾರ್ಖಾನೆ 1697ರಲ್ಲಿ ಶುರುವಾದದ್ದು. ಅಲ್ಲಿ ಇಂದಿಗೂ ಕೊಡಲಿ ತಯಾರಾಗುತ್ತದೆ. ಅದೇ ದೇಶದಲ್ಲಿ 1902ರಲ್ಲಿ ಶುರುವಾದ ಗ್ರಾನ್ಸ್‌ಫೋರ್ಸ್ ಬ್ರೂಕ್ ಎಂಬ ಇನ್ನೊಂದು ಕಾರ್ಖಾನೆಯ ಕೊಡಲಿಗಳ ಮೇಲೆ, ಬಡಿದ ಕಮ್ಮಾರನ ಹೆಸರಿನ ಮೊದಲಕ್ಷರಗಳ ಮುದ್ರೆ ಇರುತ್ತದೆ. ಅಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಊರಿಗೆ ಬಂದಾಗ ಅಂಥದೊಂದು ಸಣ್ಣ ಕೊಡಲಿ ತಂದುಕೊಟ್ಟ. ಆ ಎರಡಕ್ಷರ ನೋಡಿ ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ನಮ್ಮ ಮಲೆನಾಡಿನ ಸಂತೆಗಳಲ್ಲಿ ನಾನು ಕೊಂಡ ಕೊಡಲಿಗಳ ಮೇಲೆ ಯಾರ ಹೆಸರೂ ಇಲ್ಲ. ಊರಿಗೆಲ್ಲ ಒಬ್ಬನೇ ಕಮ್ಮಾರ ಇದ್ದಾಗ ಹೆಸರು ಹೊಡೆಯುವ ಅಗತ್ಯ ಇರಲಿಲ್ಲ. ಯಾರು ಮಾಡಿದ್ದೆಂದು ಎಲ್ಲರಿಗೂ ಗೊತ್ತಿತ್ತು. ಈಗ ಗೊತ್ತಿದ್ದವರೂ ಹೋದರು, ಕುಲುಮೆಯೂ ಮುಚ್ಚಿತು.

ಕೊಡಲಿ ಕಾವು

ಕೊಡಲಿಯಲ್ಲಿ ಮೊದಲು ಹಾಳಾಗುವುದು ಕಾವು. ನಮ್ಮ ಕಡೆ ಕಾವಿಗೆ ದಿಂಡಿಗ, ತಡಸಲು ಮರ ಒಳ್ಳೆಯದು. ಗಟ್ಟಿಯೂ ಹೌದು, ಏಟು ಬಿದ್ದಾಗ ಸ್ವಲ್ಪ ಬಾಗಿ ಸುಧಾರಿಸಿಕೊಳ್ಳುವುದೂ ಹೌದು. ಅಮೆರಿಕದವರಿಗೆ ಹಿಕರಿ, ಯೂರೋಪಿನವರಿಗೆ ಆಶ್ ಮರ. ಕ್ರಿಕೆಟ್ ಬ್ಯಾಟ್ ಕೊಳ್ಳುವಾಗ ಮರದ ಗೆರೆಗಳನ್ನು ನೋಡುತ್ತೀರಲ್ಲ, ಕಾವಿಗೂ ಹಾಗೆಯೇ ನೋಡಬೇಕು. ಗೆರೆಗಳು ಉದ್ದಕ್ಕೆ ನೇರವಾಗಿ ಸಾಗಬೇಕು. ಓರೆಯಾಗಿ ಹೊರಗೆ ಹಾಯ್ದರೆ ಅಲ್ಲೇ ಮುರಿಯುತ್ತದೆ.

ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಇದೆ. ಮರದಿಂದಲೇ ಆದ ಕಾವು ಮರಗಳನ್ನೇ ಕಡಿಸುತ್ತದೆ. ಐದನೇ ಕ್ಲಾಸಿನ ನನ್ನ ಮೊಮ್ಮಗಳು ಶಾಲೆಯಲ್ಲಿ ಈ ಗಾದೆ ಕಲಿತು ಬಂದ ದಿನ ಕೇಳಿದಳು: “ಅಜ್ಜ, ಕೊಡಲಿ ಅಂದ್ರೆ ಮರದ ಶತ್ರು ಅಲ್ವಾ? ನೀನ್ಯಾಕೆ ಅದನ್ನ ಇಷ್ಟು ಪ್ರೀತಿಯಿಂದ ಒರೆಸ್ತೀಯ?”

ಇದಕ್ಕೆ ನಾನು ಕೊಟ್ಟ ಉತ್ತರ ಉತ್ತರ ಕನ್ನಡ ಜಿಲ್ಲೆಯದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಶುರುವಾದಾಗ ನಾನು ಅದೇ ಜಿಲ್ಲೆಯ ಒಂದು ಶಾಖೆಯಲ್ಲಿದ್ದೆ. ಹೆಂಗಸರು, ಗಂಡಸರು, ಹುಡುಗರು ಕಾಡಿಗೆ ನಡೆದು, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿ ನಿಂತರು. ಕೌಂಟರಿಗೆ ಬಂದವರ ಬಾಯಲ್ಲೆಲ್ಲ ಅದೇ ಮಾತು. ಆ ಜನರ ಮನೆಗಳಲ್ಲಿ ಕತ್ತಿಯೂ ಇತ್ತು, ಕೊಡಲಿಯೂ ಇತ್ತು. ಕೊಡಲಿ ಇಲ್ಲದೆ ಅವರ ಒಲೆ ಉರಿಯುತ್ತಿರಲಿಲ್ಲ. ಅವರು ಬೇಡವೆಂದದ್ದು ಕೊಡಲಿಯನ್ನಲ್ಲ, ಮಿತಿ ಮೀರಿದ ಕಡಿತವನ್ನು. ಕೊಡಲಿಗೆ ಮೋಟಾರಿಲ್ಲ. ಪ್ರತಿ ಏಟಿಗೂ ಒಬ್ಬ ಮನುಷ್ಯ ಬೆವರಬೇಕು. ಬೆವರು ಒರೆಸಿಕೊಳ್ಳುವಾಗ ಯೋಚಿಸಲು ಸಮಯ ಇರುತ್ತದೆ. “ಯೋಚನೆ ಮಾಡದೇ ಇರೋನು ಮರದ ಶತ್ರು ಪುಟ್ಟಿ, ಕೊಡಲಿ ಅಲ್ಲ” ಎಂದೆ. ಅವಳು ಪೂರ್ತಿ ಒಪ್ಪಲಿಲ್ಲ. ಒಪ್ಪದಿದ್ದರೂ ಸರಿ, ಪ್ರಶ್ನೆ ಒಳ್ಳೆಯದೇ. ನಮ್ಮ ಮನೆಯಲ್ಲಂತೂ ಕೊಡಲಿ ಹಸಿ ಮರ ಮುಟ್ಟುವುದಿಲ್ಲ. ಬಿದ್ದ ಕೊಂಬೆ, ಒಣಗಿದ ದಿಮ್ಮಿಗೆ ಮಾತ್ರ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಹಿತ್ತಲಿನ ಮರ ಕಡಿಯಲೂ ಅನುಮತಿ ಬೇಕು.

ಮುಟ್ಟುವ ಮುಂಚೆ

ಸ್ಕೌಟ್ ನಾಯಕರಿಗೆ ತರಬೇತಿ ಕೊಡಲು 1919ರಲ್ಲಿ ಶುರುವಾದ ಲಂಡನ್ ಬಳಿಯ ಗಿಲ್‌ವೆಲ್ ಪಾರ್ಕಿನ ಗುರುತೇ ದಿಮ್ಮಿಗೆ ಕಚ್ಚಿಸಿಟ್ಟ ಕೊಡಲಿ. ಬಾಯಿ ಮರದೊಳಗೆ ಇದ್ದರೆ ಯಾರ ಕಾಲಿಗೂ ತಾಗುವುದಿಲ್ಲ. ಆದ್ದರಿಂದ ಮಕ್ಕಳೇ, ನಿಯಮಗಳು ಇವು. ದೊಡ್ಡವರು ಪಕ್ಕದಲ್ಲಿ ಇಲ್ಲದೆ ಕೊಡಲಿ ಮುಟ್ಟಬಾರದು. ಬೀಸುವವರು ಕೈ ಚಾಚಿ ಕೊಡಲಿ ಹಿಡಿದು ಸುತ್ತ ತಿರುಗಿದರೆ ಎಷ್ಟು ಜಾಗವೋ, ಅದರೊಳಗೆ ಯಾರೂ ನಿಲ್ಲಬಾರದು. ತಲೆ ಅಲುಗಾಡುವ ಕೊಡಲಿಯನ್ನು ಎತ್ತಲೇಬಾರದು, ಮೊದಲು ಬೆಣೆ ಬಿಗಿಯಾಗಬೇಕು. ಹರಿತವಾದದ್ದಕ್ಕಿಂತ ಮೊಂಡು ಕೊಡಲಿಯೇ ಹೆಚ್ಚು ಅಪಾಯ, ಅದು ಮರಕ್ಕೆ ಕಚ್ಚದೆ ಜಾರುತ್ತದೆ.

ತುಂಬಿದ ಒಂದು ಪುಟ

ನನ್ನ ಲೆಡ್ಜರಿನಲ್ಲಿ ಒಂದೇ ಒಂದು ಪುಟ ಪೂರ್ತಿ ತುಂಬಿದೆ. ಸಾಗರದ ಕಡೆಯ ಒಂದು ಹಳ್ಳಿಮನೆ. ಮನೆಯವರು ಬೆಂಗಳೂರಿಗೆ ಹೊರಟಿದ್ದರು. ಹಳೆಯ ಕಬ್ಬಿಣವೆಲ್ಲ ಅಂಗಳದಲ್ಲಿ ರಾಶಿಯಾಗಿ ಗುಜರಿಯವನ ತಕ್ಕಡಿಗೆ ಕಾದಿತ್ತು. ನಾನು ಒಂದು ಕೊಡಲಿ ಎತ್ತಿಕೊಂಡಾಗ ಜಗಲಿಯಲ್ಲಿದ್ದ ಅಜ್ಜಿ, “ಅದು ನಮ್ಮ ಮನೆಯವರದು” ಎಂದರು. ಅವರ ಮದುವೆಯಾದ ವರ್ಷ ಊರ ಕಮ್ಮಾರ ಬಡಿದುಕೊಟ್ಟದ್ದಂತೆ. ದುಡ್ಡು ಕೊಡುವ ಪದ್ಧತಿ ಇರಲಿಲ್ಲ, ಸುಗ್ಗಿಯಲ್ಲಿ ಭತ್ತ ಅಳೆದರು. ಕಮ್ಮಾರನ ಹೆಸರು, ಅವನ ಕುಲುಮೆ ಇದ್ದ ಹುಣಸೆಮರದ ಬುಡ, ಕಾವು ಎರಡು ಸಲ ಬದಲಾದದ್ದು, ಎಲ್ಲ ಹೇಳಿದರು. ಕೊಡುವಾಗ ಒಂದೇ ಷರತ್ತು: “ಕಾವು ಮಾತ್ರ ತೆಗೀಬೇಡಿ. ಅವರು ಹಿಡಿದ ಜಾಗ ನುಣ್ಣಗಾಗಿದೆ, ನೋಡಿ.” ನಿಜ, ಹೆಬ್ಬೆರಳು ಕೂರುವಷ್ಟು ಜಾಗ ಕನ್ನಡಿಯಂತೆ ನುಣುಪಾಗಿತ್ತು. ಆ ಕೊಡಲಿಯನ್ನು ನಾನು ಬಳಸುವುದಿಲ್ಲ. ವರ್ಷಕ್ಕೆರಡು ಸಲ ಎಣ್ಣೆ ಒರೆಸುತ್ತೇನೆ.

ಅಜ್ಜಿ ಅಂದು ಜಗಲಿಯಲ್ಲಿ ಇರದಿದ್ದರೆ ಅದೂ ಒಂದೂವರೆ ಕಿಲೋ ಕಬ್ಬಿಣ ಅಷ್ಟೇ ಆಗುತ್ತಿತ್ತು. ಉಳಿದ ಹತ್ತರ ಕಥೆ ಹಾಗೆ ಹೋಯಿತು. ನಿಮ್ಮ ಮನೆಯ ಅಟ್ಟದಲ್ಲೋ ಹಿತ್ತಲಿನ ಕೊಟ್ಟಿಗೆಯಲ್ಲೋ ಒಂದು ಕೊಡಲಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಗುದ್ದಲಿ, ಕತ್ತಿ, ಅಡಕತ್ತರಿ, ಈಳಿಗೆಮಣೆ ಯಾವುದಾದರೂ ಸರಿ. ಮಕ್ಕಳೇ, ಈ ಭಾನುವಾರ ಒಂದು ನೋಟುಪುಸ್ತಕ ಹಿಡಿದು ಅಜ್ಜ ಅಜ್ಜಿಯ ಹತ್ತಿರ ಕುಳಿತುಕೊಳ್ಳಿ. ಯಾರು ಮಾಡಿದ್ದು? ಎಲ್ಲಿ? ಏನು ಕೊಟ್ಟು ತಂದಿರಿ? ಕಾವು ಯಾವ ಮರದ್ದು? ಯಾರ ಕೈಯಲ್ಲಿ ಎಷ್ಟು ವರ್ಷ ಇತ್ತು? ಈ ಐದು ಪ್ರಶ್ನೆ ಕೇಳಿ ಬರೆದುಕೊಳ್ಳಿ. ಅಜ್ಜ ಅಜ್ಜಿಯರೇ, ನೆನಪಿದ್ದಷ್ಟನ್ನು ಹೇಳಿಬಿಡಿ. ಗುಜರಿಯವನು ನಾಳೆ ಬಂದರೂ ಬರಬಹುದು.